ವಾನರವಂಶ

ಜೈನ ರಾಮಕಥಾ ಪರಂಪರೆಯಲ್ಲಿ ವಾಲಿ ಸುಗ್ರೀವಾದಿಗಳು ಜನಿಸಿದ ವಿದ್ಯಾಧರ ರಾಜಕುಲಕ್ಕೆ ವಾನರವಂಶವೆಂದು ಹೆಸರು. ವಾಲ್ಮೀಕಿಯ ಕಾವ್ಯದಲ್ಲಿ ಬಾಲವುಳ್ಳ ಕಪಿವೀರರಾಗಿ ಕಾಣಿಸಿಕೊಳ್ಳುವ ಇವರು, ಪ್ರಾಕೃತದಲ್ಲಿ ವಿಮಲಸೂರಿ, ಸಂಸ್ಕೃತದಲ್ಲಿ ರವಿಷೇಣ, ಕನ್ನಡದಲ್ಲಿ ನಾಗಚಂದ್ರ ಮೊದಲಾದವರು ನಡೆಸಿಕೊಂಡು ಬಂದ ಸಂಪ್ರದಾಯದಲ್ಲಿ ಆಕಾಶಗಮನವೇ ಮುಂತಾದ ವಿದ್ಯೆಗಳನ್ನು ಸಾಧಿಸಿದ ಮನುಷ್ಯರೇ ಆಗಿದ್ದಾರೆ. ಕಪಿಯು ಅವರಿಗೆ ಧ್ವಜಚಿಹ್ನೆ ಮಾತ್ರ.

ಈ ಕುಲದ ಪೂರ್ವಪುರುಷರ ವೃತ್ತಾಂತವು ರವಿಷೇಣನ ಪದ್ಮಪುರಾಣದಲ್ಲಿ ವಿಸ್ತಾರವಾಗಿ ಬಂದಿದೆ. ಮೂಲಪುರುಷನಾದ ಶ್ರೀಕಂಠನೆಂಬ ವಿದ್ಯಾಧರನು, ತಾನೊಲಿದ ರಾಜಕುಮಾರಿಯನ್ನು ಕರೆದುಕೊಂಡು, ಬೆನ್ನಟ್ಟಿ ಬಂದ ಅವಳ ತಂದೆಗೆ ಅಂಜಿ, ತನ್ನ ತಂಗಿಯ ಪತಿಯೂ ಲಂಕಾಧಿಪತಿಯೂ ಆದ ಕೀರ್ತಿಧವಲನ ಆಶ್ರಯವನ್ನು ಪಡೆಯಲು, ಆತನು ಕಪಿಗಳಿಂದ ತುಂಬಿದ ವಾನರದ್ವೀಪವನ್ನು ಇವನಿಗೆ ಕೊಟ್ಟನು. ಅಲ್ಲಿ ಕಿಷ್ಕುಪುರವು ಹುಟ್ಟಿತು. ಹಲವು ತಲೆಮಾರುಗಳ ತರುವಾಯ ಈ ಕುಲದ ಅರಸನಾದ ಅಮರಪ್ರಭನ ವಿವಾಹಕಾಲದಲ್ಲಿ, ರಂಗವಲ್ಲಿಯಲ್ಲಿ ಬರೆದ ಕಪಿಗಳನ್ನು ಕಂಡು ಲಂಕೆಯಿಂದ ಬಂದ ವಧು ಬೆದರಿ ನಡುಗಿದಳು. ಚಿತ್ರಗಾರರ ಮೇಲೆ ಕೆರಳಿದ ಅರಸನಿಗೆ ಮಂತ್ರಿವೃದ್ಧರು, ಶ್ರೀಕಂಠನ ಕಾಲದಿಂದಲೂ ಇವು ಮಂಗಲಸೂಚಕಗಳೆಂದು ತಿಳಿಯಹೇಳಿದ ಮೇಲೆ, ಹಾಗಾದರೆ ಇವನ್ನು ನೆಲದ ಮೇಲೆ ತುಳಿಯುವುದು ಸಲ್ಲದೆಂದು ಬಗೆದು ಆತನು ಕಪಿರೂಪವನ್ನು ಮುಕುಟ, ತೋರಣ, ಧ್ವಜಗಳಿಗೆ ಏರಿಸಿದನು. ಕುಲನಾಮದ ಉತ್ಪತ್ತಿಯನ್ನು ಒಬ್ಬ ನವವಧುವಿನ ಭಯದಲ್ಲಿಯೂ ಒಬ್ಬ ಅರಸನ ಗೌರವಬುದ್ಧಿಯಲ್ಲಿಯೂ ಕಂಡ ಈ ಕಲ್ಪನೆ ಎಷ್ಟು ಮನೋಹರವಾದುದು!

ಈ ವಂಶದ ಶೌರ್ಯಕಥೆ ದುಃಖಮಿಶ್ರಿತವಾದುದು. ಶ್ರೀಮಾಲೆಯೆಂಬ ರಾಜಕುಮಾರಿಯ ಸ್ವಯಂವರದಲ್ಲಿ ಹುಟ್ಟಿದ ಕಲಹದಲ್ಲಿ ಈ ಕುಲದ ಅಂಧ್ರಕನು ಅಶನಿವೇಗನೆಂಬ ವಿದ್ಯಾಧರನ ಮಗನನ್ನು ಕೊಂದು, ಬಳಿಕ ಅಶನಿವೇಗನ ಕೈಯಿಂದ ತಾನೂ ಮಡಿದನು. ಅವನ ಅಣ್ಣ ಕಿಷ್ಕಿಂಧನು ರಾಜ್ಯವನ್ನು ತೊರೆದು ಪಾತಾಳಲಂಕೆಯಲ್ಲಿ ಅಡಗಿದ್ದು, ಮುಂದೆ ಕಿಷ್ಕಿಂಧಪುರವನ್ನು ಕಟ್ಟಿಸಿದನು. ವಾಲಿ ಸುಗ್ರೀವರು ಅವನ ಮೊಮ್ಮಕ್ಕಳು.

ಲಾಂಛನದಿಂದ ಕುಲವನ್ನು ಗುರುತಿಸುವ ಈ ಭಾವನೆ ಕನ್ನಡನಾಡಿನ ಓದುಗರಿಗೆ ಹೊಸದಾಗಿರಲಾರದು. ನಾಗಚಂದ್ರನು ತನ್ನ ಹದಿನಾರು ಆಶ್ವಾಸಗಳ ರಾಮಚಂದ್ರಚರಿತಪುರಾಣವನ್ನು ರಚಿಸಿದ ಕಾಲಕ್ಕೆ ತೀರ ಸಮೀಪದಲ್ಲಿ, 1123ರಲ್ಲಿ, ತೇರದಾಳದಲ್ಲಿ ಮಾಂಡಲಿಕ ಗೊಂಕನು ನೇಮಿನಾಥ ಬಸದಿಯನ್ನು ಕಟ್ಟಿಸಿದನು. ಅವನ ಒಡೆಯರಾದ ಸವದತ್ತಿಯ ರಟ್ಟರು ಸುವರ್ಣಗರುಡಧ್ವಜರು. ಗರುಡಧ್ವಜದ ರಟ್ಟರಿಗೆ ರೆಕ್ಕೆಗಳಿದ್ದುವೆಂದು ತೇರದಾಳದವರಾರೂ ನಂಬಿರಲಾರರು. ಕಪಿಧ್ವಜದವರಿಗೆ ಬಾಲವೇಕೆಂಬ ಜೈನಕವಿಗಳ ವಿಚಾರವೂ ಇದೇ ಜಾತಿಯದು. ಇತಿಹಾಸದಲ್ಲಿ ಇದಕ್ಕೆ ಇನ್ನೂ ಹತ್ತಿರದ ನಿದರ್ಶನವುಂಟು: ಹಾನಗಲ್ಲಿನ ಕದಂಬರು ಸಿಂಹಲಾಂಛನರಾಗಿದ್ದು, ತಮ್ಮ ಶಾಸನಗಳಲ್ಲಿ ವಾನರಧ್ವಜರೆಂದೇ ತಮ್ಮನ್ನು ಕರೆದುಕೊಂಡಿದ್ದಾರೆ.