ಪುಣೆಯ ಬೀದಿಯಲ್ಲಿ ನಡೆದವರು ಯಾರು?

ಚರಿತ್ರೆ ಅಂದರೆ ರಾಜ ಕಟ್ಟಿಸಿದ ಕೋಟೆ, ದಳವಾಯಿ ಕಟ್ಟಿಸಿದ ಗುಡಿ, ಅವರ ಹೆಸರಿಟ್ಟ ಬೀದಿ ಅಂತ ನಮಗೆ ಶಾಲೆಯಲ್ಲಿ ಹೇಳಿಕೊಟ್ಟರು. ಆ ಬೀದಿಯಲ್ಲಿ ಯಾರು ನಡೆಯಬಹುದಿತ್ತು, ಯಾರು ನಡೆಯಬಾರದಿತ್ತು ಅನ್ನುವುದು ಪಾಠದಲ್ಲಿ ಇರಲಿಲ್ಲ. ನಮ್ಮ ಮನೆಗಳಲ್ಲಿ ಮೊದಲು ಡಿಗ್ರಿ ಕಂಡವರು ನಾವು. ನಮ್ಮ ಅಪ್ಪಂದಿರಿಗೆ ಈ ಪಾಠ ಪುಸ್ತಕ ಇಲ್ಲದೆಯೇ ಬಾಯಿಪಾಠ ಆಗಿತ್ತು: ಊರೊಳಗೆ ಎಲ್ಲಿ ಚಪ್ಪಲಿ ಕಳಚಬೇಕು, ಯಾವ ತಿರುವಿನಲ್ಲಿ ಪಕ್ಕಕ್ಕೆ ಸರಿದು ನಿಲ್ಲಬೇಕು ಅಂತ.

ಈಗ ಹಳೇ ನಗರಗಳಲ್ಲಿ ಹೆರಿಟೇಜ್ ವಾಕ್ ಅಂತ ಶುರುವಾಗಿದೆ. ಕೈಗೊಂದು ನಕ್ಷೆ ಕೊಟ್ಟು, ಗೈಡು ಮುಂದೆ ನಡೆದು, ಇದು ಆ ಸರದಾರನ ವಾಡೆ, ಇದು ಈ ದೇವರ ಗುಡಿ ಅಂತ ತೋರಿಸ್ತಾನೆ. ಮುಠಾ ನದಿಯ ದಂಡೆಯ ಪುಣೆಯಲ್ಲೂ ಇಂಥ ದಾರಿ ಇದೆ. ಶನಿವಾರ ವಾಡೆ, ಲಾಲ್ ಮಹಲ್, ಕಸಬಾ ಗಣಪತಿ, ವಿಶ್ರಾಮಬಾಗ್ ವಾಡೆ. ನೋಡಬೇಡಿ ಅನ್ನುವುದಿಲ್ಲ ನಾವು. ಆದರೆ ಅದೇ ಬೀದಿಗಳ ಮೇಲೆ ಇನ್ನೊಂದು ದಾರಿ ಹಾದು ಹೋಗಿದೆ. ಅದನ್ನು ತಡೆಸಿಕೊಂಡವರು, ಉಗುಳಿಸಿಕೊಂಡವರು, ಕಲ್ಲು ತಿಂದವರು ನಡೆದು ಮಾಡಿದರು. ಆ ದಾರಿಯ ನಕ್ಷೆಯನ್ನು ನಾವೇ ಬರೆಯಬೇಕು.

ಪುಣೆ ನಮಗೇಕೆ ಅಂತ ಕೇಳಬೇಡಿ. ಆ ಊರಿನ ಮುಳಾ ಮತ್ತು ಮುಠಾ ಸಂಗಮದಲ್ಲಿ ಒಂದಾಗಿ ಭೀಮೆಗೆ ಸೇರುತ್ತವೆ. ಭೀಮೆ ವಿಜಯಪುರ, ಕಲಬುರಗಿ ಸೀಮೆಗೆ ಬಂದು ಕೃಷ್ಣೆ ಸೇರುತ್ತಾಳೆ. ಪುಣೆಯ ದಂಡೆ ತೊಳೆದ ನೀರು ನಮ್ಮ ಹೊಲಕ್ಕೂ ಬರುತ್ತದೆ. ಅಲ್ಲಿನ ಚರಿತ್ರೆ ಬಂದರೆ ತಪ್ಪೇನು?

ನಡೀರಿ, ನದಿಯ ಹತ್ತಿರದಿಂದಲೇ ಹೊರಡೋಣ. ಶನಿವಾರ ವಾಡೆಗೆ 1730ರಲ್ಲಿ ಮೊದಲನೇ ಬಾಜೀರಾಯ ಅಡಿಪಾಯ ಹಾಕಿಸಿದ. ವಾಡೆಯ ಸುತ್ತ ಪೇಠ್‌ಗಳು ಬೆಳೆದವು. ಪೇಠ್ ಅಂದರೆ ನಮ್ಮ ಪೇಟೆಯೇ. ಸೋಮವಾರ ಪೇಠ್, ಬುಧವಾರ ಪೇಠ್, ಶುಕ್ರವಾರ ಪೇಠ್ ಅಂತ ವಾರಗಳ ಹೆಸರು. ವಾರಗಳೇನೋ ಎಲ್ಲರವೂ ಹೌದು, ಬೀದಿಗಳು ಮಾತ್ರ ಎಲ್ಲರವೂ ಆಗಿರಲಿಲ್ಲ. ಮಧ್ಯಾಹ್ನ ಮೂರರ ಮೇಲೆ, ಬೆಳಿಗ್ಗೆ ಒಂಬತ್ತರ ಒಳಗೆ ಮಹಾರರು, ಮಾಂಗರು ಪುಣೆಯ ಬಾಗಿಲು ದಾಟಿ ಒಳಗೆ ಬರುವಂತಿರಲಿಲ್ಲ ಅಂತ ಸಮಾಜಶಾಸ್ತ್ರಜ್ಞ ಜಿ. ಎಸ್. ಘುರ್ಯೆ ಬರೆದಿದ್ದಾರೆ. ಕಾರಣ ಏನು? ಆ ಹೊತ್ತಿನಲ್ಲಿ ನೆರಳು ಉದ್ದ. ಉದ್ದ ನೆರಳು ಬ್ರಾಹ್ಮಣನ ಮೈಮೇಲೆ ಬಿದ್ದೀತು! ಎಲ್ಲರ ಮೇಲೂ ಒಂದೇ ಸಮ ಬೀಳುವ ಬಿಸಿಲನ್ನೂ ಈ ವ್ಯವಸ್ಥೆ ಜಾತಿಯ ಕಾವಲಿಗೆ ನಿಲ್ಲಿಸಿಕೊಂಡಿತು.

ಬಾಬಾಸಾಹೇಬರು 1936ರಲ್ಲಿ ಅಚ್ಚಾದ ‘ಜಾತಿ ವಿನಾಶ’ದಲ್ಲಿ ಇದೇ ಪುಣೆಯ ಮಾತು ಎತ್ತುತ್ತಾರೆ. ಪೇಶ್ವೆಗಳ ರಾಜಧಾನಿಯಲ್ಲಿ ಅಸ್ಪೃಶ್ಯನು ಸೊಂಟಕ್ಕೆ ಪೊರಕೆ ಕಟ್ಟಿಕೊಂಡು ತನ್ನ ಹೆಜ್ಜೆಯ ಧೂಳನ್ನು ತಾನೇ ಗುಡಿಸುತ್ತಾ ನಡೆಯಬೇಕಿತ್ತು. ಉಗುಳು ನೆಲಕ್ಕೆ ಬೀಳದ ಹಾಗೆ ಕೊರಳಿಗೆ ಮಣ್ಣಿನ ಕುಡಿಕೆ ಕಟ್ಟಿಕೊಳ್ಳಬೇಕಿತ್ತು ಅಂತ. ಸ್ವಲ್ಪ ಯೋಚನೆ ಮಾಡಿ ಗೆಳೆಯರೆ. ನಡೆದವನ ಕೈಯಿಂದಲೇ ಅವನ ಹೆಜ್ಜೆ ಗುರುತು ಅಳಿಸಿದರು. ಗುರುತೇ ಇಲ್ಲದವನಿಗೆ ಚರಿತ್ರೆ ಎಲ್ಲಿಂದ ಬರಬೇಕು?

ಆದರೂ ಒಂದು ಗುರುತು ಉಳಿಯಿತು, ಅಕ್ಷರದಲ್ಲಿ. 1855ರಲ್ಲಿ ‘ಜ್ಞಾನೋದಯ’ ಪತ್ರಿಕೆಯಲ್ಲಿ ಮಾಂಗ ಜಾತಿಯ ಹುಡುಗಿ ಮುಕ್ತಾ ಸಾಳ್ವೆ ಒಂದು ಪ್ರಬಂಧ ಬರೆದಳು. ವಯಸ್ಸು ಹದಿನಾಲ್ಕು. ಜ್ಯೋತಿಬಾ ಫುಲೆಯವರ ಶಾಲೆಯಲ್ಲಿ ಓದಿದ ಹುಡುಗಿ. ಪೇಶ್ವೆ ಕಾಲದಲ್ಲಿ ಮಾಂಗರವನೋ ಮಹಾರರವನೋ ಗರಡಿ ಮನೆ ಮುಂದೆ ಹಾದು ಹೋದರೆ, ಅವನ ತಲೆ ಕಡಿದು ಗುಲಟೇಕಡಿ ಬಯಲಿನಲ್ಲಿ ಕತ್ತಿಯನ್ನೇ ದಾಂಡು ಮಾಡಿ ಆ ತಲೆಯನ್ನು ಚೆಂಡಿನಂತೆ ಆಡುತ್ತಿದ್ದರು ಅಂತ ಅವಳು ಬರೆದಿದ್ದಾಳೆ. ಅವನು ಮಾಡಿದ್ದ ಅಪರಾಧ ಒಂದೇ, ಆ ಬೀದಿಯಲ್ಲಿ ನಡೆದದ್ದು. ಇಂದು ಗುಲಟೇಕಡಿಯಲ್ಲಿ ಮಾರ್ಕೆಟ್ ಯಾರ್ಡ್ ಇದೆ, ಲಾರಿಗಳು ಈರುಳ್ಳಿ ಇಳಿಸುತ್ತವೆ. ಗೈಡು ಅಲ್ಲಿಗೆ ಯಾರನ್ನೂ ಕರೆದೊಯ್ಯುವುದಿಲ್ಲ.

1817ರ ನವೆಂಬರಿನಲ್ಲಿ ಶನಿವಾರ ವಾಡೆಯ ಮೇಲೆ ಕಂಪನಿಯ ಬಾವುಟ ಏರಿತು. 1818ರ ಜನವರಿ 1ರಂದು ಭೀಮೆಯ ದಂಡೆಯ ಕೋರೆಗಾಂವ್‌ನಲ್ಲಿ ಪೇಶ್ವೆ ಸೈನ್ಯದ ಎದುರು ನಿಂತ ಕಂಪನಿ ತುಕಡಿಯಲ್ಲಿ ಮಹಾರ ಸಿಪಾಯಿಗಳಿದ್ದರು. ಪೇಶ್ವೆ ಹೋದ, ಬಿಳಿಯ ಬಂದ. ಬಾವುಟ ಬದಲಾಯಿತು, ಬೀದಿ ಬದಲಾಗಲಿಲ್ಲ. ಬೀದಿ ಬದಲಾಗಬೇಕಾದರೆ ಯಾರಾದರೂ ಅದರಲ್ಲಿ ನಡೆಯಬೇಕಿತ್ತು.

ನಡೆದವಳು ಹದಿನೇಳು ವರ್ಷದ ಒಬ್ಬ ಹೆಣ್ಣುಮಗಳು, ಸಾವಿತ್ರಿಬಾಯಿ ಫುಲೆ. ವಾಡೆಯಿಂದ ದಕ್ಷಿಣಕ್ಕೆ ಹೊರಟರೆ ಬುಧವಾರ ಪೇಠ್‌ನಲ್ಲಿ ದಗಡೂಶೇಠ್ ಗಣಪತಿ ಗುಡಿ ಸಿಗುತ್ತದೆ. ಅದರ ಎದುರಿಗೇ ಭಿಡೆ ವಾಡೆ. 1848ರಲ್ಲಿ ಗಂಡ ಹೆಂಡತಿ ಅಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಜಾಗ ಕೊಟ್ಟ ಭಿಡೆ ಬ್ರಾಹ್ಮಣರು, ಅದನ್ನೂ ಹೇಳಬೇಕು. ಬೀದಿಯ ಮಾತೇ ಬೇರೆ. ಸಾವಿತ್ರಿಬಾಯಿ ಶಾಲೆಗೆ ಹೊರಟರೆ ಜನ ಸಗಣಿ ಎಸೆದರು, ಕಲ್ಲು ಎಸೆದರು, ಬಾಯಿಗೆ ಬಂದದ್ದು ಬೈದರು. ಆಕೆ ಜೊತೆಗೆ ಇನ್ನೊಂದು ಸೀರೆ ಒಯ್ದಳು. ಶಾಲೆಯಲ್ಲಿ ಕೊಳೆಯಾದದ್ದು ಬಿಚ್ಚಿ, ಬೇರೆ ಉಟ್ಟು, ಪಾಠ ಮಾಡಿದಳು. ಮರುದಿನ ಮತ್ತೆ ಅದೇ ಬೀದಿ. ಗಂಜ್ ಪೇಠ್‌ನಿಂದ ಅಲ್ಲಿಗೆ ನಡೆಯಲು ಅರ್ಧ ಗಂಟೆಯೂ ಬೇಡ. ಆದರೆ ಈ ದೇಶದ ಶೂದ್ರ ಹೆಣ್ಣು ಆ ಅರ್ಧ ಗಂಟೆ ನಡೆಯಲು ಎಷ್ಟು ಶತಮಾನ ಕಾಯಬೇಕಾಯ್ತು!

ಶಾಲೆ ನಡೆಸಿದ ತಪ್ಪಿಗೆ 1849ರಲ್ಲಿ ಮಾವನ ಮನೆಯ ಬಾಗಿಲೂ ಮುಚ್ಚಿತು. ಆಗ ಆಸರೆ ಕೊಟ್ಟದ್ದು ಉಸ್ಮಾನ್ ಶೇಖ್ ಮನೆ. 1856ರ ಅಕ್ಟೋಬರಿನಲ್ಲಿ ಕಾಯಿಲೆ ಬಿದ್ದು ತವರಿನಲ್ಲಿದ್ದ ಸಾವಿತ್ರಿಬಾಯಿ ಗಂಡನಿಗೆ ಬರೆದ ಕಾಗದದಲ್ಲಿ ಫಾತಿಮಾಳ ಹೆಸರಿದೆ. ತಾನಿಲ್ಲದಾಗ ಅವಳಿಗೆ ಎಷ್ಟು ಕೆಲಸ ಬಿದ್ದಿರಬೇಕು ಅನ್ನುವ ಚಿಂತೆ ಇದೆ. ಬಾಗಿಲು ಮುಚ್ಚಿದ ಪುಣೆಯೂ ತೆರೆದ ಪುಣೆಯೂ ಒಂದೇ ಪೇಟೆಯಲ್ಲಿದ್ದವು.

ಇನ್ನೊಂದು ಲೆಕ್ಕ ನೋಡಿ. ಶನಿವಾರ ವಾಡೆ 1828ರಲ್ಲಿ ಬೆಂಕಿಗೆ ಸಿಕ್ಕು ಸುಟ್ಟಿತು. ಉಳಿದ ಕೋಟೆ ಗೋಡೆಯನ್ನು ಸರ್ಕಾರ ಕಾಪಾಡಿಕೊಂಡು ಬಂದಿದೆ, ಟಿಕೆಟ್ ಇಟ್ಟು ತೋರಿಸಿದೆ. ಭಿಡೆ ವಾಡೆ ಅಂಗಡಿಗಳ ಹಿಂದೆ ಮರೆಯಾಗಿ ಕುಸಿಯುತ್ತಾ ಬಂತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕೊನೆಗೆ 2023ರ ಡಿಸೆಂಬರಿನಲ್ಲಿ ಸ್ಮಾರಕ ಕಟ್ಟುವುದಕ್ಕಾಗಿ ಅದನ್ನು ಕೆಡವಿದರು. ಅರಮನೆಯ ಬೂದಿಗೂ ಕಾವಲು, ಶಾಲೆಯ ಗೋಡೆಗೆ ಕಾವಲಿಲ್ಲ. ಸ್ಮಾರಕ ಏಳಲಿ, ಒಳ್ಳೆಯದೇ. ಆದರೆ ಸಗಣಿ ಬಿದ್ದ ಆ ಬೀದಿಯೂ ಸ್ಮಾರಕವೇ ಅನ್ನುವುದನ್ನು ಮರೆಯುವುದು ಬೇಡ.

ಮುಂದೆ ಮಂಡಯಿ, ಅಂದರೆ ತರಕಾರಿ ಮಾರುಕಟ್ಟೆ. 1886ರಲ್ಲಿ ಗವರ್ನರ್ ರೇ ಹೆಸರಿನಲ್ಲಿ ತೆರೆದದ್ದು. ಪುರಸಭೆಯ ಸದಸ್ಯರಾಗಿದ್ದ ಫುಲೆಯವರು ಈ ಕಟ್ಟಡಕ್ಕೆ ಹಣ ಸುರಿಯಬೇಡಿ, ಬಡವರ ಶಿಕ್ಷಣಕ್ಕೆ ಹಾಕಿ ಅಂತ ವಿರೋಧಿಸಿದ್ದರು. ಆಮೇಲೆ ಅದಕ್ಕೇ ಅವರ ಹೆಸರಿಟ್ಟರು! ಬದುಕಿದ್ದಾಗ ಕೇಳದ ಮಾತಿಗೆ ಸತ್ತ ಮೇಲೆ ಬೋರ್ಡು ಹಾಕುವುದು ಈ ದೇಶದ ಹಳೇ ಕಸುಬು.

ಅಲ್ಲಿಂದ ಗಂಜ್ ಪೇಠ್, ಫುಲೆಯವರ ಮನೆ. ಅಂಗಳದಲ್ಲಿ ಬಾವಿ ಇದೆ. 1868ರಲ್ಲಿ ತಮ್ಮ ಮನೆಯ ನೀರನ್ನು ಅಸ್ಪೃಶ್ಯರಿಗೆ ತೆರೆದರು. ಊರ ಬಾವಿ ಬೀದಿಯಲ್ಲಿ ಬಿಂದಿಗೆ ಹಿಡಿದು ದೂರ ನಿಂತು, ಯಾರಾದರೂ ಸುರಿದರೆ ಹಿಡಿದುಕೊಂಡು ಬದುಕಿದವರಿಗೆ ಇದು ಎಂಥ ದಾರಿ ಅಂತ ನಿಮಗೆ ಹೇಳಬೇಕಾಗಿಲ್ಲ. ದೇವರ ಗುಡಿಗೆ ಹೋಗುವ ದಾರಿಗಿಂತ ನೀರಿಗೆ ಹೋಗುವ ದಾರಿ ದೊಡ್ಡದು.

ಗುಡಿಯ ದಾರಿಯೂ ಕೇಳಿ. ನೈಋತ್ಯಕ್ಕೆ ಪಾರ್ವತಿ ಬೆಟ್ಟ, ಮೇಲೆ ಪೇಶ್ವೆ ಕಟ್ಟಿಸಿದ ಗುಡಿ. ಪೇಶ್ವೆ ಕಾಲದಲ್ಲಿ ಬೆಟ್ಟದ ಬುಡದಲ್ಲಿ ಬ್ರಾಹ್ಮಣರಿಗೆ ದಕ್ಷಿಣೆ ಹಂಚುತ್ತಿದ್ದರು. ದೂರ ದೂರದಿಂದ ನಡೆದು ಬರುತ್ತಿದ್ದರು. 1929ರ ಅಕ್ಟೋಬರ್ 13ರಂದು ಅದೇ ಬೆಟ್ಟಕ್ಕೆ ಬೇರೆ ಜನ ನಡೆದರು. ಶಿವರಾಮ ಜಾನಬಾ ಕಾಂಬಳೆ, ಪಿ. ಎನ್. ರಾಜಭೋಜ್ ಮುಂದಾಳುಗಳು. ದಕ್ಷಿಣೆ ಕೇಳಲಿಲ್ಲ, ಮೆಟ್ಟಿಲು ಹತ್ತುತ್ತೇವೆ ಅಂದರು. ಕಲ್ಲುಗಳು ಬಿದ್ದವು, ರಾಜಭೋಜ್ ಗಾಯಗೊಂಡರು. ಒಂದೇ ದಾರಿ ಒಬ್ಬನಿಗೆ ಕಾಸು ಕೊಟ್ಟಿತ್ತು, ಇನ್ನೊಬ್ಬನಿಗೆ ಕಲ್ಲು ಕೊಟ್ಟಿತು.

ನಮ್ಮ ನಕ್ಷೆಯ ಕೊನೆ ಊರ ಹೊರಗಿದೆ. 1897ರಲ್ಲಿ ಪುಣೆಗೆ ಪ್ಲೇಗ್ ಬಂತು. ಸಾವಿತ್ರಿಬಾಯಿ, ಡಾಕ್ಟರಾಗಿದ್ದ ಸಾಕುಮಗ ಯಶವಂತನ ಜೊತೆ ರೋಗಿಗಳ ಆರೈಕೆಗೆ ನಿಂತರು. ಮುಂಢ್ವಾದ ಮಹಾರವಾಡೆಯಲ್ಲಿ ಒಬ್ಬ ಹುಡುಗನಿಗೆ ರೋಗ ತಗುಲಿತ್ತು. ಆ ಮಗುವನ್ನು ಬೆನ್ನ ಮೇಲೆ ಹೊತ್ತುಕೊಂಡು ಆಸ್ಪತ್ರೆಗೆ ನಡೆದರು. ರೋಗ ಅವರಿಗೂ ಅಂಟಿತು. ಮಾರ್ಚ್ 10ರಂದು ತೀರಿಕೊಂಡರು. ನೆರಳೂ ಸೋಕಬಾರದು ಅಂದ ಊರಿನ ಪಕ್ಕದಲ್ಲೇ ಅರವತ್ತಾರರ ಹೆಂಗಸು ಹೊಲಗೇರಿಯ ಮಗುವನ್ನು ಬೆನ್ನಿಗೆ ಅಂಟಿಸಿಕೊಂಡು ನಡೆದಳು. ಇದಕ್ಕಿಂತ ದೊಡ್ಡ ಮೆರವಣಿಗೆ ಪುಣೆಯಲ್ಲಿ ಯಾವ ಪೇಶ್ವೆಯದು ಹೊರಟಿದೆ, ಹೇಳಿ?

ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ ಒಂದು ಮಾತು. ಪುಣೆಗೆ ಮಕ್ಕಳನ್ನು ಕರೆದೊಯ್ಯಲು ನಿಮ್ಮಲ್ಲಿ ದುಡ್ಡಿಲ್ಲ, ಗೊತ್ತು. ಬೋರ್ಡಿನ ಮೇಲೆ ನಿಮ್ಮ ಊರಿನದೇ ನಕ್ಷೆ ಬರೆಸಿ. ಬಾವಿ ಎಲ್ಲಿದೆ, ಗುಡಿ ಎಲ್ಲಿದೆ, ಹೋಟೆಲು ಎಲ್ಲಿದೆ, ಕೇರಿ ಎಲ್ಲಿದೆ. ಕೇರಿಯಿಂದ ಶಾಲೆಗೆ ಮೊದಲು ನಡೆದು ಬಂದವರು ಯಾರು, ಅವರನ್ನು ಯಾರು ಎಲ್ಲಿ ತಡೆದರು ಅಂತ ಮಕ್ಕಳು ಮನೆಯಲ್ಲಿ ಅಜ್ಜಿಯರನ್ನು ಕೇಳಿಕೊಂಡು ಬರಲಿ. ತಡೆದ ಜಾಗಕ್ಕೆ ಸುಣ್ಣದಕಡ್ಡಿಯಲ್ಲಿ ಒಂದೊಂದು ಗುರುತು ಹಾಕಲಿ. ಪಾಠ ಮುಗಿದ ಮೇಲೆ ಆ ಗುರುತುಗಳನ್ನು ಒರೆಸಬೇಡಿ. ಇಡೀ ತರಗತಿಯನ್ನು, ಎಲ್ಲ ಜಾತಿಯ ಮಕ್ಕಳನ್ನೂ, ಆ ದಾರಿಯಲ್ಲಿ ಒಟ್ಟಿಗೆ ನಡೆಸಿ.