ಬೀಜದ ಜೊತೆಗಿನ ಚೀಟಿ: ಸಸ್ಯ ತಳಿಸಂಪತ್ತಿನ ದತ್ತಕೋಶಗಳ ಚರಿತ್ರೆ

1948ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಜ್ಯಾಕ್ ಹಾರ್ಲನ್ ಪೂರ್ವ ಟರ್ಕಿಯಲ್ಲಿ ಒಂದು ಗೋಧಿ ಮಾದರಿಯನ್ನು ಸಂಗ್ರಹಿಸಿದರು. ಅಮೆರಿಕದ ಕೃಷಿ ಇಲಾಖೆ ಅದಕ್ಕೆ ಪಿಐ 178383 ಎಂಬ ಸಂಖ್ಯೆ ಕೊಟ್ಟು ದಾಖಲಿಸಿಕೊಂಡಿತು. ನೋಡಲು ಅದು ಲಕ್ಷಣವಾದ ಪೈರೇನೂ ಆಗಿರಲಿಲ್ಲ. ಎತ್ತರಕ್ಕೆ ಬೆಳೆದು, ಸಪೂರ ಕಾಂಡ ಭಾರ ತಾಳಲಾರದೆ ಮಲಗಿಬಿಡುತ್ತಿತ್ತು. ಎಲೆ ತುಕ್ಕು ತಗಲುತ್ತಿತ್ತು, ಚಳಿ ತಡೆಯುತ್ತಿರಲಿಲ್ಲ, ಹಿಟ್ಟು ಬ್ರೆಡ್ಡಿಗೆ ಒಗ್ಗುತ್ತಿರಲಿಲ್ಲ. ಸುಮಾರು ಹದಿನೈದು ವರ್ಷ ಅದರ ಕಡೆ ಯಾರೂ ತಿರುಗಿ ನೋಡಲಿಲ್ಲ. 1960ರ ದಶಕದಲ್ಲಿ ವಾಯವ್ಯ ಅಮೆರಿಕದ ಗೋಧಿ ಹೊಲಗಳಿಗೆ ಹಳದಿ ತುಕ್ಕು ರೋಗ ಜೋರಾಗಿ ಬಿದ್ದಾಗ ಇದ್ದಬದ್ದ ಮಾದರಿಗಳನ್ನೆಲ್ಲ ಪರೀಕ್ಷೆಗೆ ಒಡ್ಡಬೇಕಾಯಿತು. ಆಗ ಈ ಗೋಧಿ ನಾಲ್ಕು ಬಗೆಯ ಹಳದಿ ತುಕ್ಕನ್ನು, 35 ಬಗೆಯ ಸಾಮಾನ್ಯ ಕಾಡಿಗೆಯನ್ನು, 10 ಬಗೆಯ ಕುಬ್ಜ ಕಾಡಿಗೆಯನ್ನು ತಡೆಯುವುದು ಕಂಡುಬಂತು. ಆ ಸೀಮೆಯ ಗೋಧಿ ತಳಿ ಸುಧಾರಣೆಗೆ ಇದೇ ಮೂಲಬೀಜವಾಯಿತು.

ಬೀಜ ಉಳಿಸಿಕೊಳ್ಳಬೇಕು ಎನ್ನುವವರೆಲ್ಲ ಈ ಪ್ರಸಂಗವನ್ನು ಉದಾಹರಿಸುತ್ತಾರೆ. ಅದು ಸರಿಯೇ. ಆದರೆ ಇಲ್ಲಿ ಬೀಜ ಕಳೆದುಹೋಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಅದು ಹದಿನೈದು ವರ್ಷ ಭಂಡಾರದಲ್ಲೇ ಇತ್ತು, ಅದಕ್ಕೊಂದು ಸಂಖ್ಯೆಯೂ ಇತ್ತು. ಇಲ್ಲದಿದ್ದದ್ದು ಅದರ ಬಗ್ಗೆ ಬೇಕಾದ ಒಂದು ಸಾಲು ಮಾಹಿತಿ. ಬೆಳೆಗಳ ತಳಿಸಂಪತ್ತನ್ನು ದತ್ತಕೋಶಗಳಲ್ಲಿ ನಿರ್ವಹಿಸುವ ಕೆಲಸದ ಚರಿತ್ರೆಯನ್ನು ಕಂಪ್ಯೂಟರಿನ ಪ್ರಗತಿಯ ಚರಿತ್ರೆಯಾಗಿ ಬರೆಯುವುದು ವಾಡಿಕೆ. ಯಂತ್ರ ಎಷ್ಟೇ ಬದಲಾದರೂ ಬೀಜ ತಂದ ದಿನ ಚೀಟಿಯಲ್ಲಿ ಏನು ಬರೆದುಕೊಂಡರು, ಏನು ಬಿಟ್ಟರು ಎಂಬುದೇ ಮುಂದಿನ ಎಲ್ಲ ಹುಡುಕಾಟದ ಎಲ್ಲೆಯನ್ನು ಗೊತ್ತುಮಾಡಿದೆ ಎಂಬುದು ಈ ಲೇಖನದ ವಾದ.

ಸಂಖ್ಯೆಯ ಕಾಲ

ಅಮೆರಿಕದ ಕೃಷಿ ಇಲಾಖೆ 1898ರಲ್ಲಿ ಬೀಜ ಮತ್ತು ಸಸ್ಯ ಆಮದಿಗೆಂದೇ ಒಂದು ವಿಭಾಗ ತೆರೆದು, ಬಂದ ಮಾದರಿಗಳಿಗೆ ಕ್ರಮಸಂಖ್ಯೆ ಕೊಡಲು ತೊಡಗಿತು. ಪಿಐ ಸಂಖ್ಯೆಗಳ ಪರಂಪರೆ ಅಲ್ಲಿಂದ ಬಂದದ್ದು. ರಷ್ಯಾದಲ್ಲಿ ನಿಕೊಲಾಯ್ ವಾವಿಲೋವ್ ಹಲವು ಖಂಡಗಳಿಂದ ಬೀಜ ತರಿಸಿದ್ದಷ್ಟೇ ಅಲ್ಲ, ಯಾವ ಬೆಳೆಯ ವೈವಿಧ್ಯ ಯಾವ ಪ್ರದೇಶದಲ್ಲಿ ದಟ್ಟವಾಗಿದೆ ಎಂಬುದನ್ನು ಲೆಕ್ಕ ಹಾಕಿ 1926ರಲ್ಲಿ ಬೆಳೆಗಳ ಉಗಮಕೇಂದ್ರಗಳ ಸಿದ್ಧಾಂತವನ್ನು ಮಂಡಿಸಿದರು. ಮಾದರಿ ಎಲ್ಲಿಂದ ಬಂತು ಎಂಬುದನ್ನು ಬರೆದಿಡದಿದ್ದರೆ ಆ ಸಿದ್ಧಾಂತವೇ ಹುಟ್ಟುತ್ತಿರಲಿಲ್ಲ. ಅವರು 1943ರಲ್ಲಿ ಸಾರಾತೋವ್ ಜೈಲಿನಲ್ಲಿ ತೀರಿಕೊಂಡರು. ಲೆನಿನ್‌ಗ್ರಾಡ್ ಮುತ್ತಿಗೆಯ ಕಾಲದಲ್ಲಿ ಅವರ ಸಹೋದ್ಯೋಗಿಗಳು ಹಸಿವಿನಿಂದ ಸಾಯುತ್ತಲೂ ಆ ಸಂಗ್ರಹವನ್ನು ಕಾದರು.

ಭಾರತದಲ್ಲಿ ಇದೇ ಕೆಲಸ ವ್ಯವಸ್ಥಿತವಾಗಿ ಮೊದಲಾದದ್ದು 1946ರಲ್ಲಿ, ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ. ಬಿ.ಪಿ. ಪಾಲ್ ಅವರ ಮಾರ್ಗದರ್ಶನದಲ್ಲಿ ಹರಭಜನ್ ಸಿಂಗ್ ಅದನ್ನು ಕಟ್ಟಿದರು. ದೇಶದೊಳಗಿನ ಮಾದರಿಗೆ ಐಸಿ, ಹೊರಗಿನಿಂದ ಬಂದದ್ದಕ್ಕೆ ಇಸಿ ಎಂಬ ಸಂಖ್ಯೆಗಳು ಇಂದಿಗೂ ನಡೆದುಬಂದಿವೆ. ಈ ಸಂಖ್ಯೆಗಳ ಫಲ ನಮ್ಮ ಅಡುಗೆಮನೆಗೂ ಬಂದಿದೆ. ಪಶ್ಚಿಮ ಬಂಗಾಳದ ಬೆಂಡೆ ಮಾದರಿ ಐಸಿ 1542, ಹಳದಿ ನಂಜು ರೋಗದ ಲಕ್ಷಣವನ್ನು ತೋರುತ್ತಿರಲಿಲ್ಲ. ಅದನ್ನು ಪೂಸಾ ಮಖಮಲಿ ತಳಿಯೊಂದಿಗೆ ಸಂಕರಿಸಿ ಹರಭಜನ್ ಸಿಂಗ್ ಪೂಸಾ ಸಾವನಿ ತಳಿಯನ್ನು ತಂದರು. ಆ ರೋಗನಿರೋಧ ಮುಂದೆ ಕುಸಿಯಿತು. ಆದರೂ ಬೆಂಡೆ ಬೆಳೆದ ಎರಡು ತಲೆಮಾರಿನ ರೈತರಿಗೆ ಅದು ಪರಿಚಿತ ಹೆಸರು. ಹರಭಜನ್ ಸಿಂಗ್ ಕಟ್ಟಿದ ಆ ವಿಭಾಗ 1976ರಲ್ಲಿ ಪ್ರತ್ಯೇಕ ಬ್ಯೂರೋ ಆಯಿತು. ಇಂದು ರಾಷ್ಟ್ರೀಯ ಸಸ್ಯ ಆನುವಂಶಿಕ ಸಂಪನ್ಮೂಲ ಬ್ಯೂರೋದ ಜೀನ್ ಬ್ಯಾಂಕಿನಲ್ಲಿ 4 ಲಕ್ಷಕ್ಕೂ ಹೆಚ್ಚು ಮಾದರಿಗಳಿದ್ದು, ಅವುಗಳ ವಿವರವನ್ನು ಪಿಜಿಆರ್ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ಹುಡುಕಬಹುದು.

ಈ ಯುಗದ ಹುಡುಕಾಟ ಹೇಗಿತ್ತು ಎನ್ನಲು ಒಂದು ಭತ್ತದ ಪ್ರಸಂಗ ಸಾಕು. 1970ರ ದಶಕದಲ್ಲಿ ಕಂದು ಜಿಗಿಹುಳು ಹರಡುವ ಗ್ರಾಸಿ ಸ್ಟಂಟ್ ಎಂಬ ನಂಜುರೋಗ ಏಷ್ಯಾದ ಭತ್ತವನ್ನು ಕಾಡಿತು. ಫಿಲಿಪೈನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 6 ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿತು. ತಾಳಿಕೊಂಡದ್ದು ಒಂದೇ ಒಂದು: ಉತ್ತರ ಪ್ರದೇಶದ ಗೊಂಡಾ ಬಳಿ ಸಂಗ್ರಹವಾಗಿದ್ದ ಒರೈಜಾ ನಿವಾರಾ ಎಂಬ ಕಾಡುಭತ್ತ, ಸಂಖ್ಯೆ 101508. ಅದರಲ್ಲೂ ಕೆಲವೇ ಗಿಡಗಳಲ್ಲಿ ಮಾತ್ರ ನಿರೋಧಗುಣವಿತ್ತು. ಗುರುದೇವ್ ಖುಷ್ ಅವರ ತಂಡ ಆ ವಂಶವಾಹಿಯನ್ನು 1976ರಲ್ಲಿ ಬಿಡುಗಡೆಯಾದ ಐಆರ್ 36ರವರೆಗೆ ಒಯ್ದಿತು. ಮುಂದೆ ಐಆರ್ 36 ಒಂದು ಕೋಟಿ ಹೆಕ್ಟೇರಿಗೂ ಮಿಕ್ಕಿ ಹರಡಿತು. ಇದನ್ನು ಪತ್ತೆ ಎನ್ನುವುದಕ್ಕಿಂತ ಜಾಲಾಡಿದ್ದು ಎನ್ನಬೇಕು. ಇಂಥ ಕಡೆ ಹುಡುಕಿ ಎಂದು ಹೇಳುವ ಯಾವ ದಾಖಲೆಯೂ ಅವರ ಮುಂದಿರಲಿಲ್ಲ.

ಲಕ್ಷಣಗಳ ಪಟ್ಟಿ

1970ರಲ್ಲಿ ಅಮೆರಿಕದ ಮೆಕ್ಕೆಜೋಳಕ್ಕೆ ಎಲೆ ಅಂಗಮಾರಿ ತಗಲಿ ಸುಮಾರು ಶೇ. 15ರಷ್ಟು ಬೆಳೆ ಹೋಯಿತು. ಹೆಚ್ಚಿನ ಸಂಕರ ತಳಿಗಳು ಒಂದೇ ಟೆಕ್ಸಾಸ್ ಕೋಶದ್ರವ್ಯವನ್ನು ಹಂಚಿಕೊಂಡಿದ್ದವು ಎಂಬುದು ಬಯಲಾಯಿತು. ಅದರ ಬೆನ್ನಿಗೆ, 1974ರಲ್ಲಿ, ಸಸ್ಯ ಆನುವಂಶಿಕ ಸಂಪನ್ಮೂಲಗಳ ಅಂತರರಾಷ್ಟ್ರೀಯ ಮಂಡಳಿ ರೋಮ್‌ನಲ್ಲಿ ಕೆಲಸ ಆರಂಭಿಸಿತು. ಕಂಪ್ಯೂಟರ್ ಈ ಕ್ಷೇತ್ರಕ್ಕೆ ಗಂಭೀರವಾಗಿ ಬಂದದ್ದು ಆಗ. ಸಸ್ಯ ವರ್ಗೀಕರಣಕ್ಕೆಂದು ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡಿದ್ದ ಟ್ಯಾಕ್ಸಿರ್ ಎಂಬ ತಂತ್ರಾಂಶವನ್ನು ಬೀಜಭಂಡಾರಗಳಿಗೆ ಅಳವಡಿಸುವ ಯತ್ನ ನಡೆಯಿತು. ದೊಡ್ಡ ಯಂತ್ರ ಬೇಡುವ ಆ ವ್ಯವಸ್ಥೆ ಬಹುಕಾಲ ಉಳಿಯಲಿಲ್ಲ. ಅದು ಉಳಿಯದಿದ್ದದ್ದರಿಂದ ದೊಡ್ಡ ನಷ್ಟವೇನೂ ಆಗಲಿಲ್ಲ ಎಂದೇ ನನ್ನ ಎಣಿಕೆ, ಏಕೆಂದರೆ ಮಂಡಳಿಯ ನಿಜವಾದ ಕೊಡುಗೆ ತಂತ್ರಾಂಶವಾಗಿರಲಿಲ್ಲ. ಒಂದೊಂದು ಬೆಳೆಗೂ ಏನನ್ನು ಅಳೆಯಬೇಕು, ಹೇಗೆ ಬರೆಯಬೇಕು ಎಂದು ಅದು ಹೊರತಂದ ತೆಳುವಾದ ಲಕ್ಷಣಸೂಚಿ ಪುಸ್ತಿಕೆಗಳೇ ನಿಂತವು.

ರಾಗಿಯ ಲಕ್ಷಣಸೂಚಿ ಬಂದದ್ದು 1985ರಲ್ಲಿ. ತೆನೆಯ ಆಕಾರವನ್ನು ಜೋಲುತೆನೆಯಿಂದ ಬಿಗಿಮುಷ್ಟಿಯವರೆಗೆ ದರ್ಜೆಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಒಂದು ಅಂಕಿ ಕೊಟ್ಟರು. ರೋಗಕ್ಕೆ 1ರಿಂದ 9ರ ಅಳತೆ. ಬೆಂಗಳೂರಿನಲ್ಲಿ ಬರೆದದ್ದನ್ನು ನೈರೋಬಿಯಲ್ಲಿ ಓದುವುದು ಇದರಿಂದ ಸಾಧ್ಯವಾಯಿತು. ಇದೇ ದಾರಿಯಲ್ಲಿ 2001ರಲ್ಲಿ ಎಲ್ಲ ಬೆಳೆಗಳಿಗೂ ಸಲ್ಲುವ, ಮಾದರಿಯ ಮೂಲ ತಿಳಿಸುವ ಪಾಸ್‌ಪೋರ್ಟ್ ಲಕ್ಷಣಗಳ ಪಟ್ಟಿ ಸಿದ್ಧವಾಯಿತು. ಅದರ ಪ್ರಕಾರ ಕಾಡುಸಸ್ಯಕ್ಕೆ 100, ರೈತರ ನಾಟಿ ತಳಿಗೆ 300. ಹೊಲದಿಂದ ತಂದರೆ 20, ಸಂತೆಯಿಂದ ತಂದರೆ 30. ಈ ಒಣ ಸಂಕೇತಗಳಿಲ್ಲದೆ ಯಾವ ಜಾಗತಿಕ ಜಾಲವೂ ಆಗುತ್ತಿರಲಿಲ್ಲ. ಅಮೆರಿಕದ ಗ್ರಿನ್, 1990ರ ದಶಕದ ಸಿಂಗರ್, 2003ರ ಯುರಿಸ್ಕೊ, 2011ರಲ್ಲಿ ತೆರೆದ ಜೆನೆಸಿಸ್ ಎಂಬ ದತ್ತಕೋಶಗಳು ಒಂದರ ಮಾಹಿತಿಯನ್ನು ಇನ್ನೊಂದು ಅರ್ಥಮಾಡಿಕೊಂಡದ್ದು ಈ ಒಪ್ಪಂದದ ಬಲದಿಂದಲೇ.

ಪಟ್ಟಿಗೆ ಬಾರದೆ ಉಳಿದದ್ದೂ ಇದೆ. ಹಳೇ ಮೈಸೂರು ಸೀಮೆಯ ರೈತರಿಗೆ ಗಿಡ್ಡ ರಾಗಿ, ಕರಿಗಿಡ್ಡ, ರುದ್ರಜಡೆ, ಬಾಳೆಪಟ್ಟೆ, ಜೇನುಮುದ್ದೆ ಎಂಬ ಹೆಸರುಗಳ ಹಿಂದೆ ಒಂದೊಂದು ತಿಳಿವಳಿಕೆ ಇತ್ತು. ಯಾವುದರ ಹಿಟ್ಟು ಮುದ್ದೆಗೆ ಹದ, ಯಾವ ಹುಲ್ಲನ್ನು ದನ ಮೂಸಿ ಬಿಡುವುದಿಲ್ಲ, ಮಳೆ ತಡವಾದರೆ ಯಾವುದನ್ನು ಬಿತ್ತಬೇಕು ಎಂಬುದೆಲ್ಲ ಅದರಲ್ಲಿ ಸೇರಿತ್ತು. ದತ್ತಕೋಶ ಹೆಸರಿಗೊಂದು ಅಂಕಣ ಇಟ್ಟಿತು, ಅದನ್ನೂ ಐಚ್ಛಿಕವಾಗಿ. ಹೆಸರಿನ ಜೊತೆಗಿದ್ದ ತಿಳಿವಳಿಕೆಗೆ ಅಂಕಣವೇ ಇರಲಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಅಡಿಯಲ್ಲಿ ಬಂದ ಜನತಾ ಜೀವವೈವಿಧ್ಯ ದಾಖಲಾತಿಗಳು ಈ ಕೊರತೆಯನ್ನು ಬೇರೊಂದು ದಾರಿಯಿಂದ ತುಂಬಲು ಹೊರಟವು. ಅವು ಗ್ರಾಮ ಪಂಚಾಯಿತಿಯ ಮಟ್ಟದವು, ಜೀನ್ ಬ್ಯಾಂಕಿನ ಸಂಖ್ಯೆಗಳ ಲೋಕ ಬೇರೆ.

ಒಂದೇ ರಾಗಿಗೆ ಹಲವು ಸಂಖ್ಯೆ

ಕರ್ನಾಟಕದ ರಾಗಿ ಈ ಚರಿತ್ರೆಗೆ ನೇರವಾಗಿ ಸೇರುತ್ತದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಸಂಕರಿಸಿ ಇಂಡಾಫ್ ತಳಿಗಳನ್ನು ತಂದಾಗ ದತ್ತಕೋಶದ ನೆರವೇನೂ ಇರಲಿಲ್ಲ. ಹೊಲದ ಸಾಲುಗಳು, ನೋಟುಬುಕ್ಕು, ಪಳಗಿದ ಕಣ್ಣು ಇಷ್ಟೇ ಆಧಾರ. ಇಂಡಾಫ್‌ಗಳು ಇಳುವರಿ ಏರಿಸಿದವು. ಬೆಂಕಿ ರೋಗ ಮಾತ್ರ ಕುತ್ತಿಗೆಗೂ ತೆನೆಗೂ ಬೀಳುತ್ತಲೇ ಇತ್ತು. 1990ರ ದಶಕದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ ಬಂದ ಜಿಪಿಯು 28 ಅದಕ್ಕೆ ಉತ್ತರವಾಯಿತು. ಅದರ ವಂಶಾವಳಿಯಲ್ಲಿ ಇಂಡಾಫ್ 5, ಇಂಡಾಫ್ 9 ಇವುಗಳ ಜೊತೆಗೆ ಐಇ 1012 ಇದೆ. ಮೊದಲೆರಡು ರೈತರು ಬಲ್ಲ ಹೆಸರುಗಳು, ಮೂರನೆಯದು ಜೀನ್ ಬ್ಯಾಂಕಿನ ಬರಿಯ ಸಂಖ್ಯೆ.

ಐಇ ಎಂಬುದು ಹೈದರಾಬಾದ್ ಬಳಿಯ ಪಟಾಂಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ಗುರುತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಸಂಗ್ರಹದಲ್ಲಿ ರಾಗಿಗೆ ಜಿಇ ಸಂಖ್ಯೆ. ಬೆಂಕಿ ರೋಗ ತಡೆಯುವ ಜಿಇ 4449 ತಳಿ ವಿಜ್ಞಾನಿಗಳ ಬಾಯಲ್ಲಿ ಸದಾ ಇರುವ ಹೆಸರು. ದೆಹಲಿಗೆ ಹೋದರೆ ಐಸಿ ಅಥವಾ ಇಸಿ. ಒಂದೇ ಬೀಜ ಮೂರು ಕಡೆ ಮೂರು ಸಂಖ್ಯೆ ಹೊತ್ತು ಕೂತಿರಬಹುದು. ಆಹಾರ ಮತ್ತು ಕೃಷಿ ಸಂಸ್ಥೆಯ 2010ರ ವರದಿ ಜಗತ್ತಿನ ಜೀನ್ ಬ್ಯಾಂಕುಗಳಲ್ಲಿ ಸುಮಾರು 74 ಲಕ್ಷ ಮಾದರಿಗಳಿವೆ ಎಂದು ಲೆಕ್ಕ ಕೊಟ್ಟಿತು. ಅವುಗಳಲ್ಲಿ ಒಂದಕ್ಕೊಂದು ಬೇರೆಯಾದವು ಶೇ. 25ರಿಂದ 30 ಮಾತ್ರ ಎಂದೂ ಅಂದಾಜಿಸಿತು. ಸಸ್ಯ ಆನುವಂಶಿಕ ಸಂಪನ್ಮೂಲಗಳ ಅಂತರರಾಷ್ಟ್ರೀಯ ಒಪ್ಪಂದದ ಮಾಹಿತಿ ವ್ಯವಸ್ಥೆ ಈಗ ಮಾದರಿಗಳಿಗೆ ಕಾಯಂ ಡಿಜಿಟಲ್ ಗುರುತು ಕೊಡುತ್ತಿದೆ. ಮುಂದಿನ ನಕಲುಗಳನ್ನು ಅದು ಹಿಡಿಯಬಲ್ಲದು. ಐವತ್ತು ವರ್ಷದ ಹಿಂದೆ ಕೈಯಿಂದ ಕೈಗೆ ಹೋದ ಪೊಟ್ಟಣಗಳ ಜಾಡು ಹಿಡಿಯಲು ಹಳೆಯ ಚೀಟಿಗಳನ್ನೇ ನೋಡಬೇಕು.

ಹುಡುಕುವ ಬಗೆ

ಇಷ್ಟು ದೊಡ್ಡ ಸಂಗ್ರಹವನ್ನು ತಳಿ ಸುಧಾರಣೆಗೆ ಬಳಸುವುದು ಹೇಗೆ? 1984ರಲ್ಲಿ ಆಸ್ಟ್ರೇಲಿಯಾದ ಓಟೊ ಫ್ರಾಂಕೆಲ್ ಸಾರಸಂಗ್ರಹದ ಕಲ್ಪನೆಯನ್ನು ಮುಂದಿಟ್ಟರು. ಇಡೀ ಸಂಗ್ರಹದ ಹತ್ತರಲ್ಲೊಂದು ಭಾಗದಲ್ಲಿ ಅದರ ಹೆಚ್ಚಿನ ವೈವಿಧ್ಯ ಅಡಗುವಂತೆ ಆರಿಸುವುದು ಅದರ ತಿರುಳು. ಇಕ್ರಿಸ್ಯಾಟ್‌ನಲ್ಲಿ ಹರಿ ಉಪಾಧ್ಯಾಯ ಇದನ್ನು ಇನ್ನೂ ಕಿರಿದುಗೊಳಿಸಿದರು. ಕಡಲೆಯ 16,991 ಮಾದರಿಗಳು ಮೊದಲು 1,956ಕ್ಕೆ, 2001ರಲ್ಲಿ 211ಕ್ಕೆ ಇಳಿದವು. ರಾಗಿಯ 5,940 ಮಾದರಿಗಳು 622ಕ್ಕೆ, ಆಮೇಲೆ 80ಕ್ಕೆ. ಒಬ್ಬ ವಿಜ್ಞಾನಿ ಒಂದು ಹಂಗಾಮಿನಲ್ಲಿ ಬಿತ್ತಿ ನೋಡಬಹುದಾದ ಗಾತ್ರಕ್ಕೆ ಇವು ಬಂದವು. ಆದರೆ ಅಪರೂಪದ ಗುಣವೊಂದು ಒಂದೇ ಮಾದರಿಯಲ್ಲಿದ್ದರೆ ಅದು ಈ ಜರಡಿಯಿಂದ ಉದುರಿಹೋಗುವ ಸಂಭವವೇ ಹೆಚ್ಚು. ಗೊಂಡಾದ ಕಾಡುಭತ್ತ ಅಂಥದ್ದು.

ಇನ್ನೊಂದು ದಾರಿ ತೋರಿಸಿದವರು ಆಸ್ಟ್ರೇಲಿಯಾದ ಮೈಕೆಲ್ ಮೆಕೇ. ಅದು ಫಿಗ್ಸ್ ಎಂದು ಹೆಸರಾಯಿತು. ರೋಗದ ಒತ್ತಡವಿರುವ ವಾತಾವರಣದಲ್ಲಿ ತಲೆಮಾರುಗಳ ಕಾಲ ಬೆಳೆದ ನಾಟಿ ತಳಿಯಲ್ಲೇ ರೋಗನಿರೋಧ ರೂಪುಗೊಂಡಿರುವ ಸಾಧ್ಯತೆ ಹೆಚ್ಚು. ಹಾಗಾಗಿ ಸಂಗ್ರಹಿಸಿದ ಜಾಗದ ಅಕ್ಷಾಂಶ ರೇಖಾಂಶಗಳನ್ನು ಹವಾಮಾನದ ನಕ್ಷೆಗಳ ಮೇಲಿಟ್ಟು ಆ ಜಾಗಗಳ ಬೀಜವನ್ನಷ್ಟೇ ಆರಿಸಿದರಾಯಿತು. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ 16,089 ಗೋಧಿ ನಾಟಿ ತಳಿಗಳಿಂದ ಹೀಗೆ 1,320ನ್ನು ಆರಿಸಿ, ಬೂದಿ ರೋಗ ತಡೆಯುವ ಪಿಎಂ3 ವಂಶವಾಹಿಯ ಏಳು ಹೊಸ ರೂಪಗಳನ್ನು ಪತ್ತೆಮಾಡಿತು. ಹಳೆಯ ಚೀಟಿಯಲ್ಲಿ ಊರಿನ ಹೆಸರು ಬರೆದಿಟ್ಟವರಿಗೆ ಸಲ್ಲಬೇಕಾದ ಫಲ ಇದು. ಹಾಗೆ ಬರೆಯದ ಮಾದರಿಗಳು ಈ ವಿಧಾನದ ಕಣ್ಣಿಗೆ ಬೀಳುವುದೇ ಇಲ್ಲ.

ಭಾರತ ಬೇರೆ ಪಟ್ಟು ಹಿಡಿಯಿತು. ರಾಷ್ಟ್ರೀಯ ಬ್ಯೂರೋ 2011-12ರಲ್ಲಿ ಸುಮಾರು 22 ಸಾವಿರ ಗೋಧಿ ಮಾದರಿಗಳನ್ನು ಹಿಸಾರ್‌ನಲ್ಲಿ ಒಂದೇ ಹಂಗಾಮಿನಲ್ಲಿ ಬಿತ್ತಿ ಲಕ್ಷಣ ದಾಖಲಿಸಿತು. ತುಕ್ಕು ರೋಗದ ತವರಾದ ನೀಲಗಿರಿಯ ವೆಲಿಂಗ್ಟನ್‌ನಲ್ಲಿ 19,460 ಮಾದರಿಗಳನ್ನು ರೋಗಕ್ಕೆ ಒಡ್ಡಿತು. ಖರ್ಚಿನ ಲೆಕ್ಕದಲ್ಲಿ ಇದು ಹಳೆಯ ಜಾಲಾಟವೇ ಎನ್ನಬಹುದು. ನನಗೆ ಹಾಗನ್ನಿಸುವುದಿಲ್ಲ. ಊಹೆಯಿಂದ ಆರಿಸುವ ಯಾವ ಲೆಕ್ಕಾಚಾರವನ್ನಾದರೂ ಒರೆಗೆ ಹಚ್ಚಲು ಇಂಥ ಪೂರ್ಣ ಪರೀಕ್ಷೆಯ ದತ್ತಾಂಶ ಬೇಕು, ಮತ್ತು ಹೆಚ್ಚಿನ ಜೀನ್ ಬ್ಯಾಂಕುಗಳಲ್ಲಿ ಪಾಸ್‌ಪೋರ್ಟ್ ಅಂಕಣಗಳು ತುಂಬಿದ್ದರೂ ಪರೀಕ್ಷೆಯ ಅಂಕಣಗಳು ಖಾಲಿ ಇರುವುದೇ ಹೆಚ್ಚು.

ಬೀಜವಿಲ್ಲದ ಮಾಹಿತಿ

2014ರಲ್ಲಿ 3,000 ಭತ್ತದ ಮಾದರಿಗಳ ಜೀನೋಮ್ ದತ್ತಾಂಶ ಸಾರ್ವಜನಿಕವಾಯಿತು. 2017ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಂಡ ಎಂಎಲ್ 365 ರಾಗಿಯ ಜೀನೋಮ್ ಕರಡನ್ನು ಪ್ರಕಟಿಸಿತು. ಬೀಜ ಬೇಕಾದವರು ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಪತ್ರಕ್ಕೆ ಸಹಿ ಹಾಕಬೇಕು, ಲಾಭದ ಪಾಲಿನ ಷರತ್ತಿಗೆ ಒಪ್ಪಬೇಕು. ಅದೇ ಬೀಜದ ವಂಶವಾಹಿ ಅನುಕ್ರಮವನ್ನು ಇಳಿಸಿಕೊಳ್ಳಲು ಯಾವ ಸಹಿಯೂ ಬೇಕಿಲ್ಲ. 2024ರಲ್ಲಿ ಕೊಲಂಬಿಯಾದ ಕಾಲಿ ನಗರದಲ್ಲಿ ಸೇರಿದ ಜೀವವೈವಿಧ್ಯ ಸಮ್ಮೇಳನ ಇಂಥ ಡಿಜಿಟಲ್ ಮಾಹಿತಿಯಿಂದ ಲಾಭ ಪಡೆಯುವ ಕಂಪನಿಗಳು ಹಣ ತುಂಬಲೆಂದು ಕಾಲಿ ನಿಧಿಯನ್ನು ರೂಪಿಸಿತು. ತುಂಬುವುದು ಕಡ್ಡಾಯವಲ್ಲ. ಅನುಕ್ರಮಗಳ ಅಂತರರಾಷ್ಟ್ರೀಯ ದತ್ತಕೋಶಗಳು ಮಾದರಿ ಯಾವ ದೇಶದ್ದು, ಯಾವಾಗ ಸಂಗ್ರಹಿಸಿದ್ದು ಎಂಬ ಅಂಕಣಗಳನ್ನು ಕಡ್ಡಾಯ ಮಾಡಲು ತೊಡಗಿದ್ದು 2023ರಲ್ಲಷ್ಟೇ. ಆ ನಿಯಮ ಅನ್ವಯಿಸುವುದು ಹೊಸದಾಗಿ ಸಲ್ಲಿಕೆಯಾಗುವ ಅನುಕ್ರಮಗಳಿಗೆ.