ಕಿರು ಟ್ಯಾಬ್ಲೆಟ್ಟುಗಳ ಪರದೆ: ಗುಣ ಮತ್ತು ದೋಷ

ಕಿರು ಟ್ಯಾಬ್ಲೆಟ್ಟುಗಳ ಪರದೆಯ ಇತಿಹಾಸದಲ್ಲಿ ಎರಡು ಘಟ್ಟಗಳನ್ನು ಗುರುತಿಸಬಹುದು. ಮೊದಲನೆಯದು ಬಿಂದುಸಾಂದ್ರತೆಯ ಕೊರತೆ. 2012ರ ಐಪ್ಯಾಡ್ ಮಿನಿಯ 7.9 ಅಂಗುಲದ ಪರದೆಯಲ್ಲಿ ಅಂಗುಲಕ್ಕೆ 163 ಬಿಂದುಗಳಿದ್ದುವು. ಅದೇ ವರ್ಷದ ನೆಕ್ಸಸ್ 7ರಲ್ಲಿ 216. ಸಣ್ಣ ಅಕ್ಷರಗಳ ಅಂಚು ಒರಟಾಗಿ ತೋರುತ್ತಿತ್ತು. 2013ರಲ್ಲಿ ಮಿನಿಯ ಎರಡನೆಯ ಆವೃತ್ತಿಯು 326 ಬಿಂದುಗಳನ್ನು ಪಡೆಯಲು ಈ ಕೊರತೆ ನೀಗಿತು.

ಎರಡನೆಯದು ಕಾಲಕ್ಕೆ ಸಂಬಂಧಿಸಿದ ದೋಷ. 2021ರ ಆರನೆಯ ಆವೃತ್ತಿಯಲ್ಲಿ ಸಾಂದ್ರತೆಯು ಅಷ್ಟೇ ಇದ್ದರೂ, ಅದನ್ನು ನೀಳವಾಗಿ ಹಿಡಿದು ಪುಟವನ್ನು ಸರಿಸಿದಾಗ ಒಂದು ಪಾರ್ಶ್ವವು ಕ್ಷಣಮಾತ್ರ ಹಿಂದುಳಿದು ಸಾಲುಗಳು ಓರೆಯಾಗುವುದನ್ನು ಬಳಕೆದಾರರು ಕಂಡರು. ಬಿಂದುಗಳು ಏಕಕಾಲದಲ್ಲಿ ಬದಲಾಗದೆ ಒಂದು ಪಕ್ಕದಿಂದ ಇನ್ನೊಂದರ ಕಡೆಗೆ ಕ್ರಮವಾಗಿ ಬದಲಾಗುವುದೇ ಇದಕ್ಕೆ ಕಾರಣ. ತಯಾರಕರು ಇದನ್ನು ಎಲ್‌ಸಿಡಿ ಪರದೆಯ ಸಹಜಧರ್ಮವೆಂದರು.

ಆದುದರಿಂದ ಅಂಕಿಗಳೊಂದೇ ಗುಣಕ್ಕೆ ಪ್ರಮಾಣವಲ್ಲ; ಓದುವವನ ಕಣ್ಣಿನ ಸಾಕ್ಷ್ಯವನ್ನೂ ಇತಿಹಾಸಕಾರನು ಪರಿಗಣಿಸಬೇಕು.